ಕಾಣೆಗೆ ಕಾಲು ಚಮಚ ಉಪ್ಪು

ಆಷಾಢದ ಮಳೆ ಬಿಟ್ಟೂಬಿಡದೆ ಸುರಿಯುತ್ತಿತ್ತು. ಮಲ್ಪೆ ಬಂದರಿನಲ್ಲಿ ಬೋಟುಗಳು ದಡ ಸೇರಿ ಒಂದೂವರೆ ತಿಂಗಳು ಕಳೆದಿತ್ತು. ಜೂನ್ 1ರಿಂದ ಜುಲೈ 31ರ ತನಕ, ಅಂದರೆ 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ಉಡುಪಿಯ ಮೀನು ತಿನ್ನುವ ಮನೆಗಳಿಗೆ ಒಣಮೀನೇ ಗತಿ, ಇಲ್ಲವಾದರೆ ಅಂಗಡಿಯ ಫ್ರೀಜರಿನಲ್ಲಿರುವ ಪೊಟ್ಟಣ. ಅದೃಷ್ಟವಿದ್ದರೆ ಅಳಿವೆಯಲ್ಲಿ ಬಲೆ ಬೀಸಿದವರಿಗೆ ಸಿಕ್ಕಿದ ಕಾಣೆ.

ಆ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಅದೃಷ್ಟವು ಬುಟ್ಟಿಯಲ್ಲಿ ಕೂತು ಅಕ್ಕನ ಮನೆ ಬಾಗಿಲಿಗೇ ಬಂದಿತ್ತು. ಆರು ಕಾಣೆ, ಒಂದೊಂದೂ ಗೇಣುದ್ದ. ಕಣ್ಣು ತಿಳಿಯಾಗಿತ್ತು, ಕಿವಿರು ಕೆಂಪಗಿತ್ತು, ಬೆರಳಲ್ಲಿ ಒತ್ತಿದರೆ ಗುಳಿ ಉಳಿಯುತ್ತಿರಲಿಲ್ಲ. ಬೇರೆ ದಿನವಾಗಿದ್ದರೆ ಅವು ರವೆ ಹೊದ್ದು ಕಾವಲಿ ಏರುತ್ತಿದ್ದವು. ಆದರೆ ಹದಿನೈದು ದಿನದ ಹಿಂದೆ ಭಾವನ ರಕ್ತದೊತ್ತಡ 160 ದಾಟಿತ್ತು. ವೈದ್ಯರು ಮಾತ್ರೆ ಬರೆದುಕೊಟ್ಟು, "ಉಪ್ಪು ಕಡಿಮೆ ಮಾಡಿ" ಅಂದಿದ್ದರು. ಎಷ್ಟು ಕಡಿಮೆ, ಯಾವುದರಲ್ಲಿ ಕಡಿಮೆ ಎಂದು ಕೇಳುವಷ್ಟರಲ್ಲಿ ಮುಂದಿನವರ ಟೋಕನ್ ಕೂಗಿಯಾಗಿತ್ತು. ಅಂದಿನಿಂದ ಅಕ್ಕ ಭಾವನಿಗೆಂದೇ ಬೇರೆ ಪಾತ್ರೆಯಲ್ಲಿ ಸಪ್ಪೆ ಸಾರು, ಸಪ್ಪೆ ಪಲ್ಯ ಮಾಡುತ್ತಿದ್ದಳು. ಭಾವ ನಾಲ್ಕು ತುತ್ತು ಉಂಡು ತಟ್ಟೆ ಸರಿಸುತ್ತಿದ್ದರು.

ತಂಗಿ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಹಾರ ತಜ್ಞೆ. ಸಂಜೆ ಬಸ್ಸಿಳಿದು ಬಂದವಳು ಕೊಡೆ ಮಡಚುವ ಮೊದಲೇ ಅಡುಗೆಮನೆಯ ಎರಡು ಪಾತ್ರೆಗಳನ್ನು ನೋಡಿದಳು.

"ಇದೆಂತ ಅಕ್ಕ, ಭಾವನಿಗೆ ಬೇರೆ, ನಿನಗೆ ಬೇರೆ?"

"ಮತ್ತೆಂತ ಮಾಡುವುದು ಮಾರಾಯ್ತಿ? ಅವರಿಗೆ ಉಪ್ಪು ಹಾಕುವಂತಿಲ್ಲ. ಮೀನನ್ನೂ ಅವರಿಗೆ ಸಪ್ಪೆ ಬೇಯಿಸಿಕೊಟ್ಟರೆ ಮುಟ್ಟುವುದಿಲ್ಲ. ಕಾಣೆಯ ಗತಿ ಹಾಗಾಗುವುದು ನೋಡಲಿಕ್ಕೆ ನನಗೂ ಮನಸ್ಸಿಲ್ಲ."

"ಇವತ್ತು ಒಂದೇ ಅಡುಗೆ. ಮೂರು ಜನಕ್ಕೂ ಅದೇ ಮೀನು. ನೀನು ಮೊಮ್ಮಗಳ ಕೇಕಿಗೆ ತಂದ ಓವನ್ ಉಂಟಲ್ಲ, ಅದರಲ್ಲಿ ಸುಡುವ."

ಅಕ್ಕನಿಗೆ ನಂಬಿಕೆ ಬರಲಿಲ್ಲ. ಓವನಿನಲ್ಲಿ ಬೇಯಿಸಿದ ಮೀನೆಂದರೆ ಅವಳ ಕಣ್ಣಿಗೆ ಕಟ್ಟುವುದು ಮದುವೆ ಹಾಲ್‌ಗಳ ಬಫೆಯಲ್ಲಿ ನೀರು ಬಿಟ್ಟುಕೊಂಡು ಕೂತಿರುವ ಬಿಳಿ ತುಂಡು. ಅದಕ್ಕೆ ಉಪ್ಪೂ ಇಲ್ಲವೆಂದರೆ ಕೇಳುವುದೇ ಬೇಡ.

"ಉಪ್ಪೇ ಇಲ್ಲ ಅಂದವರು ಯಾರು? ಲೆಕ್ಕ ಹಾಕಿ ಹಾಕುವ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ 2,000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ. ತಲೆ ಸವರಿದ ಒಂದು ಚಹಾ ಚಮಚ ಪುಡಿ ಉಪ್ಪು ತೂಗಿದರೆ ಸುಮಾರು 6 ಗ್ರಾಂ ಬರುತ್ತದೆ. ಇಡೀ ದಿನದ್ದು ಅಷ್ಟೂ ಇಲ್ಲ ಅಂತ ಇಟ್ಟುಕೋ. ಈಗ ಹೇಳು, ಮೀನಿಗೆ ನೀನು ಉಪ್ಪು ಯಾವಾಗ ಯಾವಾಗ ಹಾಕ್ತಿ?"

"ಯಾವಾಗ ಯಾವಾಗ ಅಂದರೆ? ಮಸಾಲೆಗೆ ಹಾಕುವುದು. ಒಂದೇ ಸಲ."

"ತೊಳೆಯುವಾಗ?"

ಅಕ್ಕ ಒಂದು ಕ್ಷಣ ಸುಮ್ಮನಾದಳು. ಲೋಳೆ ಹೋಗಲೆಂದು ಕಲ್ಲುಪ್ಪು ಹಾಕಿ ತಿಕ್ಕುವುದು, ಮತ್ತೆ ಅರಿಶಿನ ಉಪ್ಪು ಸವರಿ ಅರ್ಧ ಗಂಟೆ ಇಡುವುದು ಅವಳಿಗೆ ಉಪ್ಪು ಹಾಕಿದ ಲೆಕ್ಕಕ್ಕೇ ಬಂದಿರಲಿಲ್ಲ. ಅದು ತೊಳೆಯುವ ಕೆಲಸ. ನಮ್ಮ ಮನೆಗಳಲ್ಲಿ ಇಂಥ ಉಪ್ಪೇ ಹೆಚ್ಚು. ಹಾಕಿದ್ದು ನೆನಪಿರುವುದಿಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ, ದೇಹಕ್ಕೆ ಮಾತ್ರ ಸಂದಿರುತ್ತದೆ.

"ತಿಕ್ಕಿ ಕೂಡಲೇ ತೊಳೆದರೆ ಹೆಚ್ಚೇನೂ ಹಿಡಿಯುವುದಿಲ್ಲ. ಅರ್ಧ ಗಂಟೆ ಇಟ್ಟರೆ ಮಾತ್ರ ಮಾಂಸದೊಳಗೆ ಇಳಿಯುತ್ತದೆ. ಲೋಳೆಗೆ ಅಕ್ಕಿಹಿಟ್ಟು, ನಿಂಬೆರಸ ಸಾಕು. ಇನ್ನು ಹುಳಿ. ಹುಣಸೆಯ ಭರಣಿ ಕೊಡು ನೋಡುವ."

ಭರಣಿ ಕೆಳಗಿಳಿಯಿತು. ಬೇಸಿಗೆಯಲ್ಲಿ ಬೀಜ ತೆಗೆದು, ಜಜ್ಜಿ, ಉಂಡೆ ಕಟ್ಟಿ ತುಂಬಿಸಿದ ಹುಣಸೆ ಕಪ್ಪಾಗಿ ಎಣ್ಣೆಯಂತೆ ಮಿನುಗುತ್ತಿತ್ತು. ತಂಗಿ ಒಂದು ಉಂಡೆಯನ್ನು ಬಿಡಿಸಿ ದೀಪಕ್ಕೆ ಹಿಡಿದಳು. ಎಳೆಗಳ ನಡುವೆ ಅಲ್ಲಲ್ಲಿ ಕಲ್ಲುಪ್ಪಿನ ಹರಳು, ಕೆಲವು ಇನ್ನೂ ಕರಗದೆ ಹೊಳೆಯುತ್ತಿದ್ದವು. ಹುಳು ಬಾರದಿರಲಿ, ವರ್ಷವಿಡೀ ಮೆತ್ತಗಿರಲಿ ಎಂದು ಕರಾವಳಿಯಲ್ಲಿ ಹುಣಸೆಗೆ ಉಪ್ಪು ಬೆರೆಸಿಯೇ ಇಡುವುದು. ಮೀನಿನ ಪುಳಿಮುಂಚಿಗೆ ನಿಂಬೆ ಗಾತ್ರದ ಉಂಡೆ ಕಿವುಚಿದಾಗ ಹುಳಿಯ ಜೊತೆಗೆ ಆ ಉಪ್ಪೂ ಇಳಿಯುತ್ತದೆ. ಒಣಗಿಸಿದ ಪುನರ್ಪುಳಿ ಸಿಪ್ಪೆಗೂ ಹಲವು ಮನೆಗಳಲ್ಲಿ ಉಪ್ಪು ಹಾಕಿರುತ್ತಾರೆ.

"ದೇವರೇ, ಅವರ ಸಪ್ಪೆ ಸಾರಿಗೆ ನಾನು ಇದನ್ನೇ ಹಾಕ್ತಿದ್ದದ್ದು" ಅಂದಳು ಅಕ್ಕ.

ತಂಗಿ ಅವಳನ್ನು ತಪ್ಪಿತಸ್ಥೆ ಮಾಡಲಿಲ್ಲ. ಮಾಡುವಂಥದ್ದೂ ಅಲ್ಲ. ಉಪ್ಪು ಕಡಿಮೆ ಮಾಡಿ ಎಂದು ಹೇಳಿದವರು ಉಪ್ಪು ಎಲ್ಲೆಲ್ಲಿ ಅಡಗಿರುತ್ತದೆಂದು ಹೇಳಿರಲಿಲ್ಲ.

ಫ್ರೀಜರಿನಲ್ಲಿ ಬಾಸಾ ಮೀನಿನ ಪೊಟ್ಟಣವೂ ಇತ್ತು. ಮುಳ್ಳಿಲ್ಲದ, ಚರ್ಮವಿಲ್ಲದ ಬಿಳಿ ತುಂಡು. ಭಾವನಿಗೆ ಒಳ್ಳೆಯದೆಂದು ಅಕ್ಕ ತಂದಿಟ್ಟಿದ್ದಳು. ತಂಗಿ ಅದನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿದಳು.

"ಇಲ್ಲಿ ನೋಡು, 451 ಅಂತ ಉಂಟು. ಅದು ಟ್ರೈಫಾಸ್ಫೇಟ್. ಮೀನು ನೀರು ಹಿಡಿದುಕೊಳ್ಳಲಿ, ತೂಕ ಇಳಿಯದಿರಲಿ ಅಂತ ಹಾಕುವುದು. ಸಾಮಾನ್ಯವಾಗಿ ಬಳಸುವುದು ಸೋಡಿಯಂನದ್ದೇ. ಉಪ್ಪಿನ ರುಚಿ ಬರುವುದಿಲ್ಲ, ಆದರೆ ಸೋಡಿಯಂ ಸೇರುತ್ತದೆ. ತಾಜಾ ಬಿಳಿ ಮೀನಿನಲ್ಲಿ 100 ಗ್ರಾಂಗೆ ಹೆಚ್ಚುಕಡಿಮೆ 50ರಿಂದ 100 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಇದರಲ್ಲಿ ಬರೆದಿರುವುದು 260. ನಾನೂ ಒಮ್ಮೆ ಇಂಥದ್ದನ್ನು ಓವನಿಗಿಟ್ಟು ಕೈ ಸುಟ್ಟುಕೊಂಡಿದ್ದೇನೆ. ಟ್ರೇ ತುಂಬ ನೀರು. ಮೀನು ಬೆಂದದ್ದು ಆ ನೀರಿನಲ್ಲಿ, ಸುಟ್ಟ ಪರಿಮಳವೇ ಇಲ್ಲ."

"ಹಾಗಾದರೆ ಪೊಟ್ಟಣದ ಮೀನೇ ಬೇಡವಾ?"

"ಬೇಡ ಅಂತ ಅಲ್ಲ. ಹಿಂದೆ ಓದಿ ತರುವುದು. ಬರೀ ಮೀನು ಅಂತ ಬರೆದಿರುವುದೂ ಸಿಗುತ್ತದೆ. ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿಟ್ಟು, ನೀರು ಚೆಲ್ಲಿ, ಬಟ್ಟೆಯಲ್ಲಿ ಒತ್ತಿದರೆ ಅದನ್ನೂ ಚೆನ್ನಾಗಿ ಸುಡಬಹುದು."

ಅಕ್ಕ ಮೆಟ್ಟುಗತ್ತಿಯ ಮುಂದೆ ಕೂತು ಕಾಣೆಯ ಚಿಪ್ಪು ಕೆರೆಯತೊಡಗಿದಳು. ತಂಗಿ ಹೊಟ್ಟೆ ಸೀಳಿ ತೆಗೆದ ಮೀನುಗಳನ್ನು ಅಕ್ಕಿಹಿಟ್ಟಿನಲ್ಲಿ ಹೊರಳಿಸಿ, ನಿಂಬೆ ಹಿಂಡಿ, ತಿಕ್ಕಿ ತೊಳೆದಳು. ಆಮೇಲೆ ಹಳೆಯ ಮಲ್ಲು ಪಂಚೆಯ ತುಂಡಿನಿಂದ ಒಂದೊಂದನ್ನೂ ಒಳಗೂ ಹೊರಗೂ ಒರೆಸಿದಳು. ಮಗುವಿಗೆ ಸ್ನಾನ ಮಾಡಿಸಿ ಒರೆಸಿದಷ್ಟು ಜೋಪಾನ.

"ಅಷ್ಟೆಂತ ಒರೆಸುವುದು?"

"ಓವನಿನಲ್ಲಿ ಮೊದಲು ಒಣಗಬೇಕಾದದ್ದು ಮೀನಿನ ಮೈ. ಒದ್ದೆಯಿದ್ದರೆ ಶಾಖವೆಲ್ಲ ನೀರು ಆವಿಯಾಗುವುದಕ್ಕೇ ಹೋಗುತ್ತದೆ, ಮೀನು ಬರೀ ಹಬೆಯಲ್ಲಿ ಬೇಯುತ್ತದೆ. ಮೈ ಒಣಗಿದರೇ ಕೆಂಪಗಾಗುವುದು. ಆ ಕೆಂಪಿನ ಪರಿಮಳ ಇದ್ದರೆ ಉಪ್ಪು ಕಡಿಮೆ ಇದ್ದದ್ದು ನಾಲಿಗೆಗೆ ಅಷ್ಟು ತಿಳಿಯುವುದಿಲ್ಲ."

"ಬಾಳೆ ಎಲೆಯಲ್ಲಿ ಸುತ್ತಿದರೆ?"

"ಎಲೆಯ ಘಮ ಬರುತ್ತದೆ, ಮೀನೂ ಮೆತ್ತಗೆ ರಸಭರಿತವಾಗಿರುತ್ತದೆ. ಆದರೆ ಸುಟ್ಟ ರುಚಿ ಬರುವುದಿಲ್ಲ. ಉಪ್ಪು ತೆಗೆದ ದಿನ ಸುಟ್ಟ ರುಚಿಯನ್ನೂ ಕಳೆದುಕೊಳ್ಳುವುದು ಬೇಡ."

ಮಸಾಲೆಯ ವಿಷಯದಲ್ಲಿ ತಂಗಿ ಅಕ್ಕನಿಗೇ ಬಿಟ್ಟುಕೊಟ್ಟಳು. ಅಂಗಡಿಯ ಮೀನು ಮಸಾಲೆಯ ಪೊಟ್ಟಣದಲ್ಲಿ ಉಪ್ಪು ಸೇರಿರುವುದರಿಂದ ಅದನ್ನು ಬದಿಗಿಟ್ಟದ್ದಷ್ಟೇ ಅವಳ ಪಾಲು. ಆರು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಹತ್ತು ಕಾಳುಮೆಣಸು ಬಾಣಲೆಯಲ್ಲಿ ಬಿಸಿಯಾದವು. ಬ್ಯಾಡಗಿಗೆ ಖಾರ ಕಡಿಮೆ, ಬಣ್ಣ ಹೆಚ್ಚು, ಧಾರಾಳವಾಗಿ ಹಾಕಬಹುದು. ಆರು ಎಸಳು ಬೆಳ್ಳುಳ್ಳಿ, ಅರಿಶಿನ ಸೇರಿಸಿ, ನೀರಿನ ಬದಲು ನಿಂಬೆರಸ ಚಿಮುಕಿಸುತ್ತ ಅಕ್ಕ ಕಡೆಯುವ ಕಲ್ಲಿನಲ್ಲಿ ಗಟ್ಟಿಯಾಗಿ ಕಡೆದಳು. ಎರಡು ಚಮಚ ತೆಂಗಿನೆಣ್ಣೆ ಕೊನೆಗೆ. ಕೈ ಅಭ್ಯಾಸಬಲದಿಂದ ಉಪ್ಪಿನ ಮರಿಗೆಯತ್ತ ಹೋಯಿತು.

"ಈಗ ಬೇಡ ಅಕ್ಕ."

"ಈಗ ಹಾಕದಿದ್ದರೆ ಒಳಗೆ ಹಿಡಿಯುವುದಿಲ್ಲ."

"ಹಿಡಿಯುವುದು ಬೇಡ ಅಂತಲೇ. ನಾಲಿಗೆ ಮೊದಲು ಮುಟ್ಟುವುದು ಮೇಲ್ಮೈಯನ್ನು. ಒಳಗೆ ಇಳಿದ ಉಪ್ಪು ಅಗಿದು ನುಂಗುವಷ್ಟರಲ್ಲಿ ಅರ್ಧವೂ ನಾಲಿಗೆಗೆ ಸಿಗದೆ ಹೊಟ್ಟೆಗೆ ಹೋಗುತ್ತದೆ. ನುಣ್ಣಗೆ ಪುಡಿ ಮಾಡಿ ಕಡೆಗೆ ಮೇಲಿನಿಂದ ಉದುರಿಸಿದರೆ ಕೂಡಲೇ ಕರಗಿ ರುಚಿ ಕೊಡುತ್ತದೆ. ಅದೇ ರುಚಿಗೆ ಕಡಿಮೆ ಉಪ್ಪು ಸಾಕು. ಹುಳಿಯಿದ್ದರೆ ಇನ್ನೂ ಕಡಿಮೆ. ಹುಳಿ ಉಪ್ಪಿನ ರುಚಿಯನ್ನು ಎತ್ತಿ ಹಿಡಿಯುತ್ತದೆ."

ಮೀನಿನ ಎರಡೂ ಬದಿಗೆ ಮೂರು ಮೂರು ಗೀರು ಹಾಕಿ ಮಸಾಲೆ ತುಂಬಿದ್ದಾಯಿತು. ಹದಿನೈದು ನಿಮಿಷ ಮಾತ್ರ ಬಿಡುವುದು. ನಿಂಬೆರಸದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಕಾಣೆಯಂಥ ಮೆದು ಮೀನು ಬೆಂಕಿ ಕಾಣುವ ಮೊದಲೇ ಬೆಳ್ಳಗಾಗಿ ಪುಡಿಯಾಗುತ್ತದೆ.

ಆ ಹದಿನೈದು ನಿಮಿಷದಲ್ಲಿ ಮಾತು ಅಜ್ಜಿಯ ಕಡೆ ಹೋಯಿತು. ಅಕ್ಕತಂಗಿಯರ ತಾಯಿಯ ತವರು ಅಂಕೋಲೆಯ ಬದಿ. 1930ರ ಏಪ್ರಿಲ್‌ನಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದದ್ದು ಅಲ್ಲಿ.

"ಉಪ್ಪಿಗಾಗಿ ಸರ್ಕಾರವನ್ನೇ ಎದುರು ಹಾಕಿಕೊಂಡ ಊರು. ಅಜ್ಜಿ ಸಾಣಿಕಟ್ಟಾದ ಉಪ್ಪು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಚಾಪೆಯ ತುಂಬ ಉಪ್ಪು ಸವರಿದ ಮೀನು ಒಣಗಿಸುತ್ತಿದ್ದರು. ಅವರಿಗೆ ಇದ್ದ ಉಪ್ಪು ನಮಗೆ ಯಾಕೆ ಆಗುವುದಿಲ್ಲ?"

"ಅವರ ಕಾಲದಲ್ಲಿ ಐಸ್ ಎಲ್ಲಿತ್ತು? ಮೀನು ನಾಲ್ಕು ದಿನ ಉಳಿಯಬೇಕಾದರೆ ಉಪ್ಪೇ ಬೇಕು. ನಮ್ಮ ಈ ಜಿಲ್ಲೆ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದಾಗ ಮೀನಿಗೆ ಉಪ್ಪು ಹಾಕುವವರಿಗೆ ಸರ್ಕಾರವೇ ಅಂಗಳ ಮಾಡಿ ಸುಂಕವಿಲ್ಲದ ಉಪ್ಪು ಕೊಡುತ್ತಿತ್ತು. ಅದು ಮೀನು ಕಾಯುವ ಉಪ್ಪು. ಈ ಕಾಣೆ ಬೆಳಿಗ್ಗೆ ಅಳಿವೆಯಲ್ಲಿತ್ತು, ಸಂಜೆ ನಿನ್ನ ಕೈಯಲ್ಲುಂಟು. ಇದನ್ನು ಯಾವುದರಿಂದ ಕಾಯಬೇಕು?"

ಅಕ್ಕ ಉತ್ತರಿಸಲಿಲ್ಲ. ಕಪಾಟಿನಿಂದ ಇನ್ನೊಂದು ಪೊಟ್ಟಣ ತೆಗೆದು ಮುಂದಿಟ್ಟಳು. ಕಡಿಮೆ ಸೋಡಿಯಂ ಉಪ್ಪು. ಪಕ್ಕದ ಮನೆಯವರು ಹೇಳಿದ್ದಂತೆ.

"ಇದು ಹಾಕಿದರೆ ನಿನ್ನ ಲೆಕ್ಕವೆಲ್ಲ ಬೇಡ ಅಲ್ವಾ?"

ತಂಗಿಯ ಮುಖ ಗಂಭೀರವಾಯಿತು. "ಇದು ಒಳ್ಳೆಯ ವಸ್ತುವೇ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಅವರಿಗೆ ಕೊಟ್ಟ ಉಪ್ಪಿನಲ್ಲಿ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್. ಮಾಮೂಲಿ ಉಪ್ಪು ತಿಂದವರಿಗಿಂತ ಅವರಲ್ಲಿ ಪಾರ್ಶ್ವವಾಯು ಶೇಕಡಾ 14ರಷ್ಟು ಕಡಿಮೆಯಾಗಿತ್ತು. ಆದರೆ ಭಾವ ತೆಗೆದುಕೊಳ್ಳುವುದು ಟೆಲ್ಮಿಸಾರ್ಟನ್. ಆ ಮಾತ್ರೆ ಪೊಟ್ಯಾಸಿಯಂ ಹೊರಹೋಗುವುದನ್ನು ತಗ್ಗಿಸುತ್ತದೆ. ಕಿಡ್ನಿ ಸೋತವರಿಗೂ ಅದೇ ಕಥೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ಏರುಪೇರಾಗಬಹುದು. ರಕ್ತಪರೀಕ್ಷೆ ಮಾಡಿಸಿ ಡಾಕ್ಟರು ಆಗಬಹುದು ಅಂದರೆ ಹಾಕು. ಅಲ್ಲಿಯವರೆಗೆ ಇದು ಕಪಾಟಿನಲ್ಲೇ ಇರಲಿ."

"ಸೈಂಧವ ಲವಣ?"

"ಅದೂ ಉಪ್ಪೇ. ಗುಲಾಬಿ ಬಣ್ಣಕ್ಕೆ ಸೋಡಿಯಂ ಕಡಿಮೆಯಾಗುವುದಿಲ್ಲ. ಅಯೋಡಿನ್ ಮಾತ್ರ ತಪ್ಪುತ್ತದೆ. ಸ್ವಲ್ಪವೇ ಹಾಕುವವರು ಅಯೋಡಿನ್ ಇದ್ದದ್ದನ್ನೇ ಹಾಕಬೇಕು."

ಓವನ್ 200 ಡಿಗ್ರಿಗೆ ಕಾದಿತ್ತು. ಟ್ರೇಯಲ್ಲಿ ದಪ್ಪ ಈರುಳ್ಳಿ ಬಿಲ್ಲೆಗಳು, ಅವುಗಳ ನಡುವೆ ಹಿತ್ತಲಿನ ನಾಲ್ಕು ಬಿಂಬುಳಿ ಸೀಳಿ ಹಾಕಿ, ಮೇಲೆ ಕಾಣೆಯನ್ನು ತಲೆ–ಬಾಲ ಅದಲುಬದಲು ಮಾಡಿ ಮಲಗಿಸಿದರು. ಮೀನು ತಳಕ್ಕೆ ಅಂಟುವುದಿಲ್ಲ, ಬಿಂಬುಳಿಯ ಹುಳಿ ಕೆಳಗಿನಿಂದ ಏರುತ್ತದೆ. ಓವನ್ ಇಲ್ಲದ ಮನೆಯಲ್ಲಿ ದಪ್ಪ ತಳದ ಕಬ್ಬಿಣದ ಕಾವಲಿ ಚೆನ್ನಾಗಿ ಕಾಯಿಸಿ, ಇದೇ ಈರುಳ್ಳಿಯ ಹಾಸಿನ ಮೇಲೆ ಮುಚ್ಚಿ ಬೇಯಿಸಿ, ಕೊನೆಯ ಎರಡು ನಿಮಿಷ ಮುಚ್ಚಳ ತೆಗೆದು ಮೀನು ತಿರುವಿದರೆ ಹೆಚ್ಚುಕಡಿಮೆ ಇದೇ ರುಚಿ ಸಿಗುತ್ತದೆ.

"ಎಷ್ಟು ಹೊತ್ತು?"

"ಒಂದು ಅಂಗುಲ ದಪ್ಪಕ್ಕೆ ಹತ್ತು ನಿಮಿಷ ಅಂತ ಕೆನಡಾದ ಮೀನುಗಾರಿಕೆ ಇಲಾಖೆ ಹಿಂದೆ ಒಂದು ಲೆಕ್ಕ ಹೇಳಿತ್ತು. ಅದು ಇದಕ್ಕಿಂತ ಬಿಸಿ ಓವನಿಗೆ. ನಮ್ಮದಕ್ಕೆ ಹನ್ನೆರಡು ಇಡುವ. ಹತ್ತನೇ ನಿಮಿಷಕ್ಕೇ ನೋಡಲಿಕ್ಕೆ ಶುರು ಮಾಡಬೇಕು."

ಎಂಟನೇ ನಿಮಿಷಕ್ಕೆ ಬೆಳ್ಳುಳ್ಳಿಯ ಘಮ ಜಗಲಿಯವರೆಗೆ ಹೋಯಿತು. ಪೇಪರ್ ಓದುತ್ತಿದ್ದ ಭಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಏನೂ ಕೇಳದೆ ಹಿಂದೆ ಹೋದರು. ಹನ್ನೊಂದಕ್ಕೆ ತಂಗಿ ಟ್ರೇ ಎಳೆದು, ತಲೆಯ ಹಿಂದೆ ಮೈ ದಪ್ಪಗಿರುವಲ್ಲಿ ಚಾಕುವಿನ ತುದಿ ಇಟ್ಟು ಮೆಲ್ಲಗೆ ತಿರುಗಿಸಿದಳು. ಮಾಂಸ ಎಸಳೆಸಳಾಗಿ ಬಿಟ್ಟುಕೊಂಡಿತು, ಆದರೆ ನಡುಮುಳ್ಳಿನ ಪಕ್ಕದಲ್ಲಿ ಕೂದಲೆಳೆಯಷ್ಟು ಜಾಗ ಇನ್ನೂ ಗಾಜಿನಂತೆ ಪಾರದರ್ಶಕವಾಗಿತ್ತು. ಇನ್ನೊಂದು ನಿಮಿಷ. ಮತ್ತೆ ನೋಡಿದಾಗ ಅದೂ ಹಾಲುಬಿಳಿ, ಮುಳ್ಳಿನಿಂದ ಮಾಂಸ ತಾನಾಗಿ ಬಿಟ್ಟಿತ್ತು. ಅಡುಗೆಯ ಥರ್ಮಾಮೀಟರ್ ಇರುವವರು ಒಳಗೆ 63 ಡಿಗ್ರಿ ಬಂದರೆ ಇಳಿಸಬಹುದು. ಇನ್ನು ಐದು ನಿಮಿಷ ಹೆಚ್ಚಾಗಿದ್ದರೆ ಕಾಣೆ ಹತ್ತಿಯಂತಾಗುತ್ತಿತ್ತು, ಒಣಗಿದ ಮೀನು ನುಂಗಲು ಉಪ್ಪಿನ ಸಾರು ಬೇಕಾಗುತ್ತಿತ್ತು.

ಆಗ ಉಪ್ಪು. ತಂಗಿ ಪುಡಿ ಉಪ್ಪನ್ನು ಕಲ್ಲಿನಲ್ಲಿ ಇನ್ನೂ ನುಣ್ಣಗೆ ಅರೆದು, ಚಹಾ ಚಮಚದ ಕಾಲು ಭಾಗ ಅಳೆದು ಅಕ್ಕನ ಅಂಗೈಗೆ ಹಾಕಿದಳು. ಸುಮಾರು ಒಂದೂವರೆ ಗ್ರಾಂ.

"ಆರು ಮೀನಿಗೆ ಇಷ್ಟೇಯಾ?"

"ಇಷ್ಟೇ. ಇದರಲ್ಲಿ 600 ಮಿಲಿಗ್ರಾಂ ಸೋಡಿಯಂ ಉಂಟು, ಮೂರು ಪಾಲು ಮಾಡಿದರೆ ತಲೆಗೆ 200. ಮೀನಿನದ್ದೇ ಒಂದು ನೂರು ಸೇರಿಸು. ಒಬ್ಬರಿಗೆ 300. ಕೈ ಎತ್ತರದಿಂದ ಉದುರಿಸು, ಎಲ್ಲ ಕಡೆ ಬೀಳಲಿ."

ಅಕ್ಕ ರಂಗೋಲಿ ಹಿಟ್ಟು ಉದುರಿಸುವಂತೆ ಬೆರಳ ಸಂದಿನಿಂದ ಉದುರಿಸಿದಳು. ಬಿಸಿ ಎಣ್ಣೆಯ ಮೇಲೆ ಬಿದ್ದ ಪುಡಿ ಕಣ್ಣೆದುರೇ ಮಾಯವಾಯಿತು. ನಿಂಬೆಯ ನಾಲ್ಕು ಹನಿ, ಕೊತ್ತಂಬರಿ ಸೊಪ್ಪು.

ಜೊತೆಗೆ ಕುಚ್ಚಲಕ್ಕಿ ಅನ್ನ, ಕಾಯಿತುರಿ ಹಾಕಿದ ಹರಿವೆ ಪಲ್ಯ. ಪಲ್ಯಕ್ಕೆ ಒಂದು ಚಿಟಿಕೆ. ಹಪ್ಪಳದ ಡಬ್ಬಿ ಮೇಜಿನ ಮೇಲೆ ಬಂದಿತ್ತು, ತಂಗಿ ಅದನ್ನು ಒಳಗಿಟ್ಟಳು. ಹಪ್ಪಳದಲ್ಲಿ ಉಪ್ಪಿನ ಜೊತೆಗೆ ಹಪ್ಪಳಖಾರವೂ ಇರುತ್ತದೆ, ಅದೂ ಸೋಡಿಯಂನ ಇನ್ನೊಂದು ರೂಪ. ಮೀನಿನಲ್ಲಿ ಉಳಿಸಿದ್ದನ್ನು ಎರಡು ಹಪ್ಪಳ, ಒಂದು ಹೋಳು ಮಿಡಿ ಉಪ್ಪಿನಕಾಯಿ ತಿಂದು ತೀರಿಸುವುದು ಬಹಳ ಸುಲಭ.

ಭಾವ ಕೂತರು. ಮೂರು ತಟ್ಟೆಗೂ ಒಂದೇ ಟ್ರೇಯಿಂದ ಬಡಿಸಿದ್ದನ್ನು ನೋಡಿ ತಲೆ ಎತ್ತಿದರು.

"ಇದು ಯಾರಿಗೆ ಮಾಡಿದ್ದು?"

"ಎಲ್ಲರಿಗೂ" ಅಂದಳು ಅಕ್ಕ.

ಅವರು ಬೆನ್ನಿನ ಕಡೆಯಿಂದ ಒಂದು ಎಸಳು ಬಿಡಿಸಿ ಬಾಯಿಗಿಟ್ಟರು. ಅಕ್ಕ ತನ್ನ ತುತ್ತನ್ನು ಕೈಯಲ್ಲೇ ಹಿಡಿದು ಅವರ ಮುಖ ನೋಡುತ್ತಿದ್ದಳು. ಮೊದಲ ಮೀನು ಮುಗಿಯುವ ತನಕ ಭಾವ ಮಾತಾಡಲಿಲ್ಲ. ಎರಡನೆಯದನ್ನು ತಟ್ಟೆಗೆ ಎಳೆದುಕೊಳ್ಳುತ್ತ, "ಉಪ್ಪು ಸ್ವಲ್ಪ ಕಡಿಮೆ ಉಂಟು. ಆದರೆ ಮೀನಿನ ರುಚಿ ಉಂಟು" ಅಂದರು.

"ಇನ್ನೂ ಎರಡು ಮೂರು ತಿಂಗಳು ಹೋಗಲಿ ಭಾವ. ನಾಲಿಗೆ ಒಗ್ಗಿಕೊಳ್ಳುತ್ತದೆ. ಆಮೇಲೆ ಹಳೆಯ ಅಡುಗೆಯೇ ನಿಮಗೆ ಉಪ್ಪುಪ್ಪು ಅನ್ನಿಸುತ್ತದೆ. ಒತ್ತಡ ಇಳಿಯಲಿಕ್ಕೆ ಅಷ್ಟು ದಿನವೂ ಬೇಡ. ಅಮೆರಿಕದಲ್ಲಿ 412 ಜನರಿಗೆ ಒಂದೊಂದು ತಿಂಗಳು ಒಂದೊಂದು ಮಟ್ಟದ ಉಪ್ಪಿನ ಊಟ ಕೊಟ್ಟು ನೋಡಿದ್ದರು, 2001ರಲ್ಲಿ ಫಲಿತಾಂಶ ಬಂತು. ಉಪ್ಪು ಇಳಿಸಿದ ತಿಂಗಳಲ್ಲೇ ಒತ್ತಡವೂ ಇಳಿದಿತ್ತು. ಹಾಗಂತ ಮಾತ್ರೆ ಮಾತ್ರ ನೀವಾಗಿ ಬಿಡಬಾರದು."

"ನಾನು ಬಿಡಲಿಕ್ಕೆ ಇವಳು ಬಿಡಬೇಕಲ್ಲ" ಅಂದರು ಭಾವ, ನಡುಮುಳ್ಳನ್ನು ಇಡಿಯಾಗಿ ಎತ್ತಿ ತಟ್ಟೆಯ ಅಂಚಿಗಿಡುತ್ತ.

ತಟ್ಟೆಗಳು ಬರಿದಾದವು. ಟ್ರೇಯ ತಳದಲ್ಲಿ ಮಸಾಲೆ ಕುಡಿದು ಮೆತ್ತಗಾದ ಈರುಳ್ಳಿ, ಬಿಂಬುಳಿ ಉಳಿದಿದ್ದವು. ಅಕ್ಕ ಅವನ್ನು ಬಿಸಿ ಅನ್ನಕ್ಕೆ ಕಲಸಿ ಕಡೆಯ ತುತ್ತು ಮಾಡಿಕೊಂಡಳು.

"ನಾಳೆ ಸಿಕ್ಕಿದರೆ ನಂಗ್ ಮೀನು ತರುತ್ತೇನೆ ಅಂದಿದ್ದಾಳೆ ಮೀನಿನ ಹೆಂಗಸು. ಅದಕ್ಕೂ ಹನ್ನೆರಡು ನಿಮಿಷವಾ?"

"ನಂಗ್ ತೆಳು. ಚರ್ಮ ಸುಲಿದುಬಿಡು, ಏಳನೇ ನಿಮಿಷಕ್ಕೆ ಚಾಕು ಹಾಕಿ ನೋಡು. ನಾನು ಬೆಳಿಗ್ಗೆ ಹತ್ತರ ಬಸ್ಸಿಗೆ ಹೋಗುವುದಲ್ವಾ, ಅಷ್ಟರೊಳಗೆ ಬಂದರೆ ಜೊತೆಗೇ ಮಾಡುವ."

ಅಕ್ಕ ಎದ್ದು ಹುಣಸೆಯ ಭರಣಿಯನ್ನು ಅಟ್ಟಕ್ಕೆ ಏರಿಸಿದಳು. ಉಪ್ಪಿನ ಮರಿಗೆಯೊಳಗೆ ದೊಡ್ಡ ಚಮಚವಿತ್ತು. ಅದನ್ನು ತೆಗೆದು ತೊಳೆದು, ಕಾಲು ಚಮಚದ ಅಳತೆಯನ್ನು ಅಲ್ಲಿಟ್ಟಳು.